ನೀಲಿ ಚೀಟಿಯ ಡಿಸ್ಕ್

"ಅಳಿಸಿಬಿಟ್ಟೆ ಅಲ್ವಾ? ಈ ಸಲ ಅಪ್ಪಂದು!"

ಅಕ್ಕನ ಕೂಗಿಗೆ ತಮ್ಮನ ಎದೆ ಧಸಕ್ಕೆಂದಿತು. ಅಪ್ಪನ ಮನೆಯ ಮೇಜಿನ ಮೇಲೆ ಅವರ ಹಳೆಯ ಕಂಪ್ಯೂಟರ್. ಪಕ್ಕದ ಫ್ಲಾಪಿ ಡ್ರೈವಿನೊಳಗೆ ನೀಲಿ ಚೀಟಿ ಅಂಟಿಸಿದ ಡಿಸ್ಕ್. ಪರದೆಯ ಮೇಲೆ ಒಂದೇ ಸಾಲು— ಓದಲಾಗುತ್ತಿಲ್ಲ.

ಅಪ್ಪ ಲಾರಿ ಓಡಿಸುತ್ತಿದ್ದವರು. ತಿಂಗಳಿಗೆ ಇಪ್ಪತ್ತು ದಿನ ರಸ್ತೆಯ ಮೇಲೆ. ಹೊರಡುವ ಮುನ್ನ ಮಕ್ಕಳಿಗೊಂದು ಪತ್ರ ಟೈಪು ಮಾಡಿ ಡಿಸ್ಕಿನಲ್ಲಿಟ್ಟು ಹೋಗುತ್ತಿದ್ದರು. ಮಕ್ಕಳು ಬೆಳೆದು ಬೇರೆ ಮನೆ ಮಾಡಿದರೂ ಅಪ್ಪ ಆ ಯಂತ್ರವನ್ನು ಬಿಡಲಿಲ್ಲ. ಎರಡು ತಿಂಗಳ ಹಿಂದೆ ಕಣ್ಣು ಮುಚ್ಚುವಾಗ ಹೇಳಿದ್ದೂ ಅದನ್ನೇ: "ನೀಲಿ ಚೀಟಿದು... ಇಬ್ಬರೂ ಒಟ್ಟಿಗೆ ಕೂತು ಓದಿ." ಅದಕ್ಕೆ ನಕಲು ಇರಲಿಲ್ಲ.

ಡ್ರೈವಿನ ಬೆಲ್ಟು ಹರಿದಿತ್ತು. ರಿಪೇರಿಗೆ ಕೊಟ್ಟವನು ತಮ್ಮ, ನಿನ್ನೆ ತಂದು ಜೋಡಿಸಿದವನೂ ತಮ್ಮ. ಸಾಲದ್ದಕ್ಕೆ ಹಳೆಯ ಕಳಂಕ ಬೇರೆ! ಅವನು ಹತ್ತು ವರ್ಷದವನಿದ್ದಾಗ, ಅಕ್ಕ ಶಾಲೆಯ ಕಂಪ್ಯೂಟರಿನಲ್ಲಿ ಬರೆದು ತಂದ ಕಥೆಗಳ ಡಿಸ್ಕು ಮನೆಯಲ್ಲಿ ತೆರೆಯಲೇ ಇಲ್ಲ. ಅಂದು ಯಂತ್ರದ ಮುಂದೆ ಕೂತಿದ್ದವನು ಇವನೇ. ಎಷ್ಟು ಆಣೆ ಹಾಕಿದರೂ ಯಾರೂ ನಂಬಲಿಲ್ಲ. ಆವತ್ತಿನಿಂದ ಅವನ ಹೆಸರು 'ರಬ್ಬರ್'. ವಯಸ್ಸು ಮೂವತ್ತಾರಾದರೂ ಆ ಹೆಸರು ಮಾತ್ರ ಅಳಿಸಿಲ್ಲ.

"ಅಕ್ಕ, ನಾನಲ್ಲ..."

"ಆಗಲೂ ಇದೇ ಮಾತು. ಇನ್ಮೇಲೆ ನನ್ನ ಮನೆ ಮೆಟ್ಟಿಲು ಹತ್ತಬೇಡ."

ತಮ್ಮ ಡ್ರೈವ್ ರಿಪೇರಿ ಮಾಡಿದವರಿಗೆ ಫೋನ್ ಮಾಡಿದ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಮುದುಕಿ ಅವರು. ಎಲ್ಲರ ಬಾಯಲ್ಲೂ 'ಸ್ಕ್ರೂ ಅಜ್ಜಿ'. ಅರ್ಧ ಗಂಟೆಯಲ್ಲಿ ಚೀಲ ಹಿಡಿದು ಬಂದರು.

"ಎಷ್ಟು ಸಲ ಹಾಕಿ ನೋಡಿದ್ರಿ?"

"ಆರು ಸಲ," ಎಂದಳು ಅಕ್ಕ.

"ಸಾಕು, ಇನ್ನು ಮುಟ್ಟಬೇಡಿ. ಹಳೇ ಡಿಸ್ಕು. ತಿರುಗಿಸಿದಷ್ಟೂ ಮೇಲಿನ ಲೇಪ ಸವೆಯುತ್ತೆ. ಅದು ಕಿತ್ತು ಬಂದ್ರೆ ಆ ಬ್ರಹ್ಮನ ಕೈಲೂ ಓದೋಕಾಗಲ್ಲ."

ಆರು ಸಲ! ಅಜ್ಜಿ ತಮ್ಮನ ಕಡೆ ತಿರುಗಿದರು.

"ನಿನ್ನೆ ನೀನು ಏನು ಹಾಕಿದ್ದೆಯಪ್ಪಾ?"

"ಅಪ್ಪ ತಂದುಕೊಟ್ಟಿದ್ದ ಒಂದು ಹಳೇ ಆಟದ ಡಿಸ್ಕು, ಅಜ್ಜಿ. ಡ್ರೈವ್ ಸರಿಹೋಯ್ತಾ ನೋಡೋಣ ಅಂತ. ಚೆನ್ನಾಗಿ ಓಡ್ತು."

"ಸುಳ್ಳಿಗೂ ಒಂದು ಮಿತಿ ಬೇಡ್ವಾ?" ಅಕ್ಕ ಹರಿಹಾಯ್ದಳು. "ಆ ಆಟ ಈ ಮನೇಲಿ ಒಂದು ದಿನಾನೂ ಓಡಿಲ್ಲ. ಅಂಗಡಿಯವನು ಮೋಸ ಮಾಡಿದ ಅಂತ ಅಪ್ಪ ಬಯ್ತಾನೇ ಇದ್ರು!"

ಅಜ್ಜಿಯ ಕೈ ಚೀಲದೊಳಗೇ ನಿಂತಿತು. "ಏನಂದೆ? ಒಂದು ದಿನಾನೂ ಓಡಿಲ್ವಾ?"

"ಇಲ್ಲ."

"ಈ ಡ್ರೈವ್ ಮನೆಗೆ ಹೇಗೆ ಬಂತು?"

"ಅಪ್ಪನ ಲಾರೀಲಿ. ಕಬ್ಬಿಣದ ಸರಳಿನ ಲೋಡಿನ ಮೇಲೆ ಕಟ್ಟಿ ತಂದಿದ್ರು."

ಅಜ್ಜಿಯ ಮುಖ ಕಪ್ಪಿಟ್ಟಿತು. "ನಿನ್ನ ಶಾಲೆ ಡಿಸ್ಕು ಇದೆಯಾ?"

"ಇದೆ. ಮತ್ತೆಲ್ಲೂ ಹಾಕಿ ನೋಡಿಲ್ಲ, ಇವನ ಮುಖಕ್ಕೆ ಹಿಡಿಯೋಕೆ ಅಂತಾನೇ ಇಟ್ಟಿದ್ದೀನಿ."

ಪೆಟ್ಟಿಗೆಯಿಂದ ಆ ಡಿಸ್ಕು ಹೊರಬಂತು. ಅಜ್ಜಿ ನೀಲಿ ಚೀಟಿಯದನ್ನು ತೆಗೆದಿಟ್ಟು, ಇದನ್ನು ಒಳಗೆ ತಳ್ಳಿ ಬಾಗಿಲು ಮುಚ್ಚಿದರು. ಡ್ರೈವು ಗುರ್ರೆಂದಿತು. ತಮ್ಮ ಉಸಿರು ಬಿಗಿಹಿಡಿದ. ಇದೂ ಕೈಕೊಟ್ಟರೆ?

ಪರದೆಯ ಮೇಲೆ ಸಾಲುಗಳು ಮೂಡಿದವು. ಒಂದು ಕಥೆ, ಎರಡು, ಮೂರು— ಒಟ್ಟು ಒಂಬತ್ತು. ಅಕ್ಕ ಕುಸಿದು ಕುರ್ಚಿಯಲ್ಲಿ ಕೂತಳು.

"ಅಳಿಸಿರಲೇ... ಇಲ್ವಾ?"

"ಕೇಳಮ್ಮ. ಡಿಸ್ಕಿನ ಮೇಲೆ ಅಕ್ಷರ ಸಾಲಾಗಿ ಕೂತಿರುತ್ತೆ. ಓದೋ ಹೆಡ್ಡು ಆ ಸಾಲಿನ ಮೇಲೇ ಹೋಗಬೇಕು. ಲಾರೀಲಿ ಕುಲುಕಿ ನಿಮ್ಮ ಡ್ರೈವಿನ ಹೆಡ್ಡು ಒಂದು ಕೂದಲೆಳೆ ಪಕ್ಕಕ್ಕೆ ಸರಿದಿತ್ತು. ಹಾಗಾಗಿ ಶಾಲೆದು, ಅಂಗಡಿದು ಓದ್ತಿರಲಿಲ್ಲ. ಆದ್ರೆ ನಿಮ್ಮಪ್ಪ ಬರೆದಿದ್ದೂ ಆ ಸೊಟ್ಟ ಸಾಲಲ್ಲೇ, ಓದಿದ್ದೂ ಅದರಲ್ಲೇ. ಈ ಹುಡುಗ ಎರಡು ಸಲವೂ ನಿರಪರಾಧಿ."

"ಹಾಗಾದ್ರೆ ಈಗ ಯಾರು...?"

"ನಾನೇ ಕಣಮ್ಮ. ಬೆಲ್ಟು ಹಾಕು ಅಂದ್ರೆ ಹಾಕಿ ಸುಮ್ಮನಿರದೆ ಹೆಡ್ಡನ್ನೂ ಸರಿಯಾದ ಜಾಗಕ್ಕೆ ತಂದೆ. ಯಾರ ಡಿಸ್ಕು ಓದಬೇಕು ಅಂತ ಕೇಳಲಿಲ್ಲ. ಸರಿಮಾಡಿದ್ದೇ ನನ್ನ ತಪ್ಪು."

ಅವರು ಡ್ರೈವಿನ ಮುಚ್ಚಳ ಬಿಚ್ಚಿದರು. ಹೆಡ್ಡಿನ ಸ್ಕ್ರೂ ಪಕ್ಕದಲ್ಲಿ ಕೆಂಪು ಉಗುರುಬಣ್ಣದ ಸಣ್ಣ ಗೆರೆ. ಸಡಿಲಿಸುವ ಮುನ್ನ ಹಳೆಯ ಜಾಗಕ್ಕೆ ಗೆರೆ ಎಳೆಯುವುದು ಎಕ್ಸ್‌ಚೇಂಜಿನ ದಿನಗಳಿಂದ ಬಂದ ಅಭ್ಯಾಸ. ಕನ್ನಡಕ ಏರಿಸಿ, ಉಸಿರಾಡದೆ, ಹೆಡ್ಡನ್ನು ಮತ್ತೆ ಆ ಗೆರೆಯತ್ತ ಕೂದಲೆಳೆಯಷ್ಟು ಸರಿಸಿದರು.

"ಇದು ಏಳನೇ ಸಲ," ಎಂದರು. "ದೇವರ ಮೇಲೆ ಭಾರ ಹಾಕಿ."

ನೀಲಿ ಚೀಟಿ ಒಳಹೋಯಿತು. ಡ್ರೈವು ಕೆರೆಯಿತು. ತಡವರಿಸಿತು. ನಿಂತಿತು. ತಮ್ಮ ಕಣ್ಣು ಮುಚ್ಚಿಕೊಂಡ. ಈಗಲೂ ಬರದಿದ್ದರೆ ಅಪ್ಪ ಎರಡನೇ ಸಲ ಸತ್ತಂತೆ. ಮತ್ತೆ ಕೆರೆಯಿತು.

ಕಣ್ಣು ತೆರೆದಾಗ ಪರದೆಯ ಮೇಲೆ, ಅಪ್ಪನ ಎಲ್ಲ ಪತ್ರಗಳ ಮೊದಲ ಸಾಲು— ಮಕ್ಕಳೇ, ಊಟ ಆಯ್ತಾ?

ಅಕ್ಕ ಕುರ್ಚಿಯಲ್ಲಿ ಪಕ್ಕಕ್ಕೆ ಸರಿದು ಅರ್ಧ ಜಾಗ ಬಿಟ್ಟಳು. "ಬಾರೋ, ಕೂತ್ಕೋ. ನೀನೇ ಓದು. ನನಗೆ ಕನ್ನಡಕ ಸಿಕ್ತಿಲ್ಲ."

ಕನ್ನಡಕ ಅವಳ ಮೂಗಿನ ಮೇಲೇ ಇತ್ತು. ತಮ್ಮ ಅದನ್ನು ಹೇಳಲಿಲ್ಲ, ಕೂತು ಓದತೊಡಗಿದ.