ಅಪ್ಪ ಅಡಿ ಹಾಕಿದ ಮಾವು

ಗೋಕಾಕದಲ್ಲಿ ಅಪ್ಪ ಮರದಲ್ಲಿ ಹಣ್ಣಿನ ಗೊಂಬೆಗಳನ್ನು ಮಾಡುತ್ತಿದ್ದ. ಬಣ್ಣ ಆರಿದ ಮೇಲೆ ಅವನ್ನು ಹುಲ್ಲಿನಲ್ಲಿ ಮುಚ್ಚಿಟ್ಟು, "ಅಡಿ ಹಾಕೇನವಾ, ಹಣ್ಣಾಗ್ಲಿ, ಮುಟ್ಟಬ್ಯಾಡ," ಎಂದು ನಗುತ್ತಿದ್ದ. ಅವನು ಕೊನೆಗೆ ಮಾಡಿದ್ದು ಒಂದು ಹಸಿರು ಮಾವಿನಕಾಯಿ.

ಅಪ್ಪ ತೀರಿಕೊಂಡ ಮೇಲೆ ಅದನ್ನು ಜಪಾನಿನ ಪ್ರದರ್ಶನಕ್ಕೆ ಕಳಿಸಿದೆ. ಕಸ್ಟಮ್ಸಿನವರು ಹುಲ್ಲು ಬಿಡುವುದಿಲ್ಲವೆಂದು ಬರೀ ಕಾಗದ ಸುತ್ತಿದ್ದೆ. ಆದರೂ ಬೆಂಗಳೂರಿನಿಂದ ಅಧಿಕಾರಿ ಫೋನ್ ಮಾಡಿ ಗದರಿದರು: "ಗೊಂಬೆ ಅಂತ ಹೇಳಿ ಹಣ್ಣು ಕಳಿಸ್ತೀರಾ? ಗೋದಾಮೆಲ್ಲ ಮಾವಿನ ವಾಸನೆ!" ನಾನು ಎಷ್ಟು ಜಗಳಾಡಿದರೂ ಕೇಳದೆ, ಪೆಟ್ಟಿಗೆಯನ್ನು ತೆರೆಯದೆಯೇ ವಾಪಸು ಕಳಿಸಿದರು.

ನಾನು ಹಾಕಿದ್ದ ಗಂಟು ಹಾಗೇ ಇತ್ತು. ಬಿಚ್ಚಿದರೆ, ಕಾಗದದೊಳಗೆ ಹುಲ್ಲು. ಕೈಯಿಟ್ಟರೆ ಬೆಚ್ಚಗಿತ್ತು. ಮಾವಿನಕಾಯಿ ತೊಟ್ಟಿನ ಹತ್ತಿರ ಹಳದಿಗೆ ತಿರುಗಿತ್ತು.

ಅವ್ವ ಅದನ್ನು ಅಂಗೈಯಲ್ಲಿಟ್ಟು ಮೆಲ್ಲಗೆ ಒತ್ತಿ ನೋಡಿದಳು.

"ಇನ್ನೂ ಎರಡ ದಿನಾ ಬೇಕು," ಅಂದಳು. "ಮುಚ್ಚಿಡು."