ರೋಸ್ಲರ್ ಮಾಸ್ಟರರ ಪಿಟೀಲು

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ದುಬೈಯ ಅಲ್ ಬರ್ಷಾ ಠಾಣೆಗೆ ದೂರು ತಂದವಳು ಸಂಗೀತ ಶಾಲೆಯೊಂದರ ಮ್ಯಾನೇಜರ್ ರೊಸಲಿನ್. ಗಾಜಿನ ಕಪಾಟಿನಲ್ಲಿಟ್ಟಿದ್ದ ಜರ್ಮನ್ ಪಿಟೀಲು ಕಾಣೆ. ಎರಡನೇ ಮಹಾಯುದ್ಧದ ನಂತರ ಮಂಗಳೂರಿಗೆ ಬಂದು, ಅಲ್ಲೇ ಮಣ್ಣಾದ ಎಮಿಲ್ ರೋಸ್ಲರ್ ನುಡಿಸುತ್ತಿದ್ದ ವಾದ್ಯ ಅದು. ಇನ್ಸ್‌ಪೆಕ್ಟರ್ ಸುಲ್ತಾನ್ ಪ್ರಕರಣ ದಾಖಲಿಸಿ “ಯಲ್ಲಾ, ಹೊರಡೋಣ” ಎಂದರು. ದುಭಾಷಿ ಫೈಝಲ್, ಬಂಟ್ವಾಳದವನು, ಚಹಾ ಅರ್ಧಕ್ಕೇ ಬಿಟ್ಟು ಎದ್ದ.

ಶಾಲೆಯಲ್ಲಿ ಗಾಜು ಒಡೆದಿರಲಿಲ್ಲ, ಬೀಗವೂ ಮುರಿದಿರಲಿಲ್ಲ.

“ಕೀ ಯಾರ ಹತ್ರ ಉಂಟು?” ಫೈಝಲ್ ಕೇಳಿದ.

“ಒಂದು ನನ್ನ ಹತ್ರ. ಮತ್ತೊಂದು ಕಜೆತಾನ್ ಮಾಸ್ಟ್ರ ಹತ್ರ. ಪಿಟೀಲು ಕೊಟ್ಟದ್ದೇ ಅವ್ರು. ರೋಸ್ಲರ್ ಮಾಸ್ಟ್ರ ಶಿಷ್ಯ ಅಲ್ವಾ ಅವ್ರು?”

“ಜಗಳ ಗಿಗಳ?”

ರೊಸಲಿನ್ ಕಪಾಟಿನ ಫಲಕ ತೋರಿಸಿದಳು. ಜರ್ಮನಿಯ ಸಂಶೋಧಕಿಯೊಬ್ಬಳು ಹೇಳಿದ ಮೇಲೆ ನಿನ್ನೆಯಷ್ಟೇ ಬದಲಿಸಿದ್ದರು: ರೋಸ್ಲರ್ ಹಿಟ್ಲರನ ಪಕ್ಷದ ಸದಸ್ಯ, ಅದರ ಸಭೆಗಳಲ್ಲಿ ನುಡಿಸಿದವನು, ಸೋತ ಜರ್ಮನಿಯನ್ನು ಆಳಿದ ಅಮೆರಿಕನ್ ಸೈನ್ಯ ಅವನಿಗೆ ವೇದಿಕೆ ನಿಷೇಧಿಸಿತ್ತು. ಕೀ ಇದ್ದ ಮಾಸ್ಟರೇ ಕದ್ದರೆಂದರೆ, ಬೇಲಿಯೇ ಎದ್ದು ಹೊಲ ಮೇಯಿತೇ ಎಂದುಕೊಂಡ ಫೈಝಲ್. ಅವನ ಮಗಳೂ ಕಜೆತಾನ್ ಮಾಸ್ಟರರ ಹತ್ತಿರವೇ ಕಲಿಯುತ್ತಿದ್ದಳು.

ನೈಫ್ ಬಡಾವಣೆಯ ತಮ್ಮ ಕೋಣೆಯಲ್ಲಿ ಕಜೆತಾನ್ ಮಾಸ್ಟರು ಬಾಗಿಲು ತೆರೆದಿಟ್ಟೇ ಕೂತಿದ್ದರು. ಮಂಚದ ಮೇಲೆ ಪಿಟೀಲು ಎರಡು ತುಂಡಾಗಿ ಬಿದ್ದಿತ್ತು. ಪಂಚನಾಮೆಗೆ ಹತ್ತು ನಿಮಿಷವೂ ಹಿಡಿಯಲಿಲ್ಲ.

“ಯಾ ಅಲ್ಲಾಹ್! ಎಂತ ಮಾಸ್ಟ್ರೇ ಇದು? ಬೋರ್ಡಿನ ಸಿಟ್ಟಾ?”

“ಬೋರ್ಡ್ ಸುಳ್ಳಲ್ಲ ಮಗಾ. ನಾನು ಸಣ್ಣವನಿದ್ದಾಗ ರೋಸ್ಲರ್ ಸರ್ರೇ ಹೇಳಿದ್ರು. ‘ನಾನು ಪಾರ್ಟಿಯಲ್ಲಿದ್ದೆ, ಅದಕ್ಕೇ ಮಿಲಿಟ್ರಿಯವ್ರು ನುಡಿಸ್ಲಿಕ್ಕೆ ಬಿಡ್ಲಿಲ್ಲ’ ಅಂತ ಅತ್ತಿದ್ರು. ಪಾರ್ಟಿ ಅಂದ್ರೆ ನಂಗೆ ಗೊತ್ತಿದ್ದದ್ದು ಒಂದೇ, ಬ್ಯಾಂಡ್ ಪಾರ್ಟಿ. ನಮ್ಮಪ್ಪ ಮದುವೆಗಳಲ್ಲಿ ಊದ್ತಿದ್ದದ್ದು. ಅವ್ರು ಹೇಳಿದ್ದು ಯಾವ ಪಾರ್ಟಿ ಅಂತ ನಿನ್ನೆ ಬೋರ್ಡ್ ಓದಿದ ಮೇಲೆಯೇ ತಿಳಿದದ್ದು.”

ಅವರು ಏನೆನ್ನುತ್ತಿದ್ದಾರೆ ಎಂದು ಇನ್ಸ್‌ಪೆಕ್ಟರ್ ಕೇಳಿದರು. ಅರಬಿಯಲ್ಲಿ ರಾಜಕೀಯದ ಪಾರ್ಟಿಗೂ ಬ್ಯಾಂಡ್ ಪಾರ್ಟಿಗೂ ಬೇರೆ ಬೇರೆ ಪದ. ಫೈಝಲ್ ಬಿಡಿಸಿ ಹೇಳಿ, ಮಾಸ್ಟರರ ಕಡೆ ತಿರುಗಿದ.

“ಗೊತ್ತಿಲ್ಲದೆ ಆದದ್ದಲ್ವಾ ಮಾಸ್ಟ್ರೇ? ಅದಕ್ಕೆ ಇದನ್ನು ಮುರೀಬೇಕಿತ್ತಾ?”

“‘ಅದ್ರಲ್ಲಿ ಎಂತ ತಪ್ಪು ಸರ್? ನಮ್ಮಪ್ಪನೂ ಪಾರ್ಟಿಯವ್ರೇ’ ಅಂದೆ ನಾನು. ನನ್ನನ್ನು ತಬ್ಬಿಕೊಂಡ್ರು. ಆ ದಿನವೇ ಈ ಪಿಟೀಲು ಕೈಗಿಟ್ರು.”

ಮಧ್ಯಾಹ್ನ ಬಂಧನವಾಯಿತು. ವರದಿಯಲ್ಲಿ ಕಾರಣ ಏನೆಂದು ಬರೆಯಲಿ ಎಂದು ಇನ್ಸ್‌ಪೆಕ್ಟರ್ ಕೇಳಿದಾಗ ಫೈಝಲ್ “ಸಿಟ್ಟು” ಎಂದ. ಮಾಸ್ಟರು ತಲೆ ಅಲ್ಲಾಡಿಸಿದರು.

“ಸಿಟ್ಟಲ್ಲ ಮಗಾ. ಹಿಟ್ಲರ್ ಕೊಲ್ಲಿಸಿದ ಜನ ಕೊಡ್ಬೇಕಾದ ಕ್ಷಮೆಯನ್ನು ನಾನು ಕೊಟ್ಟುಬಿಟ್ಟೆ. ವಾಪಸ್ ತಕೊಳ್ಳುವ ಅಂದ್ರೆ, ರೋಸ್ಲರ್ ಸರ್ರೂ ಇಲ್ಲ, ಉಳಿದದ್ದು ಈ ಪಿಟೀಲು ಒಂದೇ.”