ಮೊಣಕಾಲೆತ್ತರದ ಗೋಡೆ

"ಆ ಗೋಡೆ ದಾಟಬೇಡಮ್ಮ. ಸುತ್ತು ಹಾಕ್ಕೊಂಡು ಒಳಬಾಗಿಲಿಂದ ಹೋಗು," ಎಂದಳು ಅಜ್ಜಿ.

"ದಾಟಿದ್ರೆ ಏನಾಗುತ್ತೆ?"

"ಮಾಟದ ಗೋಡೆ ಅದು. ಹೊರಗಿನ ಕಡೆಯಿಂದ ನಮ್ಮ ಕಡೆಗೆ ದಾಟಿದೋರ ಹತ್ರ ಆಮೇಲೆ ಯಾರೂ ಬರಲ್ಲ."

ಹೊಲಿಗೆ ಮೇಡಂಗೆ ನಗು ತಡೆಯಲಾಗಲಿಲ್ಲ. "ಒಳ್ಳೇದೇ ಆಯ್ತಲ್ಲ ಅಜ್ಜಿ! ಬೆಳಗಾದ್ರೆ ಮೂರು ಇಲಾಖೆಯೋರು ಸೇರಿ ನನ್ನ ತಲೆ ತಿಂತಾರೆ. ಅವ್ರಾದ್ರೂ ದೂರ ಇರ್ತಾರೆ."

ಅಜ್ಜಿ ನಗಲಿಲ್ಲ.

ಹೊಲಿಗೆ ಮೇಡಂ ಎನ್ನುವುದು ಕಚೇರಿಯವರು ಅವಳಿಗಿಟ್ಟ ಅಡ್ಡಹೆಸರು. ಒಬ್ಬರ ಮುಖ ಕಂಡರೆ ಇನ್ನೊಬ್ಬರಿಗಾಗದ ಇಲಾಖೆಗಳನ್ನು ಒಂದೇ ಮೇಜಿಗೆ ತಂದು ಕೂರಿಸಿ, ಹರಿದದ್ದನ್ನು ಹೊಲಿದು ಒಪ್ಪಂದ ಮಾಡಿಸುವುದೇ ಅವಳ ಉದ್ಯೋಗ. ಈ ಸಲ ಅವಳ ಪಾಲಿಗೆ ಬಂದದ್ದು ಊರಾಚೆಯ ಹಳೇ ಕುಷ್ಠವಸತಿ. ರೋಗಕ್ಕೆ ಮದ್ದು ಬಂದು ಯಾವ ಕಾಲವಾಗಿತ್ತೋ. ಬೇಲಿ ಹೋಗಿತ್ತು, ಕಾವಲು ಹೋಗಿತ್ತು, ಹೋಗಲು ಮನೆಯಿದ್ದವರೆಲ್ಲ ಹೋಗಿದ್ದರು. ಗುಣವಾಗಿಯೂ ಕರೆದೊಯ್ಯುವವರಿಲ್ಲದೆ ಉಳಿದ ಕೆಲವು ಮುದುಕ ಮುದುಕಿಯರು ಮಾತ್ರ ಅಲ್ಲಿದ್ದರು. ಅವರ ನಂತರ ಈ ಜಾಗ ಯಾರ ಪಾಲು? ಆರೋಗ್ಯ ಇಲಾಖೆಗೆ ಕೈ ತೊಳೆದುಕೊಳ್ಳುವ ಅವಸರ. ಪರಂಪರೆ ಇಲಾಖೆಗೆ ಅಲ್ಲೊಂದು ವಸ್ತುಸಂಗ್ರಹಾಲಯ ಆಗಬೇಕು. ಉದ್ಯಾನ ಇಲಾಖೆಗೆ ಮರಗಳ ನಡುವೆ ವಾಯುವಿಹಾರದ ಹಾದಿ ಬೇಕು.

ಭೇಟಿಮನೆ ಎಂಬ ಒಂಟಿ ಕಟ್ಟಡ ಈ ಕೊನೆಯ ಎರಡು ಇಲಾಖೆಗಳು ಕೇಳಿದ ಪಾಲುಗಳ ಗಡಿಯ ಮೇಲೇ ನಿಂತಿತ್ತು. ಇವರ ಅಳತೆಯನ್ನು ಅವರು ನಂಬರು, ಅವರದನ್ನು ಇವರು ನಂಬರು. "ಹಾಗಾದ್ರೆ ನೀವೇ ಅಳೆದು ಬನ್ನಿ," ಎಂದು ಆರೋಗ್ಯ ಇಲಾಖೆಯ ಡಾಕ್ಟರು ಬೀಗದ ಕೈಯನ್ನು ಮೇಜಿನ ಮೇಲೆ ಅವಳತ್ತ ನೂಕಿದ್ದರು. ನಿವೃತ್ತಿ ಹತ್ತಿರವಾದ ಮನುಷ್ಯ. ಯಾವಾಗಲೂ ಮೇಜಿನ ಕೊನೆಯಲ್ಲಿ ಒಬ್ಬರೇ, ಕೈಗಳು ಕೋಟಿನ ಜೇಬಿನಲ್ಲಿ. "ಒಳಬಾಗಿಲು ತುಕ್ಕು ಹಿಡಿದು ಕೂತಿದೆ. ಹೊರಬಾಗಿಲಿಂದ ಹೋಗಿ ಗೋಡೆ ದಾಟಿಬಿಡಿ. ಮೊಣಕಾಲೆತ್ತರ ಅಷ್ಟೆ."

ಈಗ ವಸತಿಯ ಈ ಅಜ್ಜಿಯ ಮಾತು! ಅವಳಿಗೆ ತಟ್ಟನೆ ಅನುಮಾನ ಬಂತು. ಯಾವ ಇಲಾಖೆಯ ಕಿತಾಪತಿ ಇದು?

"ಯಾರು ಹೇಳಿಕೊಟ್ರು ಅಜ್ಜಿ ಇದನ್ನ? ಉದ್ಯಾನದೋರಾ?"

"ನನಗೆ ಹೇಳಿಕೊಡೋ ಅಷ್ಟು ವಯಸ್ಸಾದೋರು ಯಾರೂ ಉಳಿದಿಲ್ಲ ತಾಯಿ."

ಅವಳು ಹೊರಬಾಗಿಲಿನ ಬೀಗ ತೆಗೆದು ಒಳಗೆ ಕಾಲಿಟ್ಟಳು. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಮಬ್ಬುಗತ್ತಲೆ. ಗಾಳಿಗೆ ದಾರಿಯಿಲ್ಲದ ಕೋಣೆ. ಫಿನಾಯಿಲಿನ ಹಳೇ ವಾಸನೆ ಮೂಗಿನ ತುದಿಯಲ್ಲಿ ಚುರುಗುಟ್ಟಿತು. ಕೋಣೆಯ ಉದ್ದಕ್ಕೂ ಒಂದು ಮೋಟುಗೋಡೆ. ಅದರ ಆಚೆಗೊಂದು ಬೆಂಚು, ಈಚೆಗೊಂದು ಬೆಂಚು. ನೋಡಲು ಬಂದ ಬಂಧುಗಳು ಇಲ್ಲಿ, ವಸತಿಯವರು ಅಲ್ಲಿ. ಮಾತಾಡಬಹುದಿತ್ತು, ಮುಟ್ಟುವಂತಿರಲಿಲ್ಲ. ಒಳಗೆ ಹುಟ್ಟಿದ ಕೂಸುಗಳನ್ನು ಹೊರಗೆ ಸಾಗಿಸುತ್ತಿದ್ದದ್ದೂ ಈ ಗೋಡೆಯ ಮೇಲಿಂದಲೇ.

ಟೇಪು ಹಿಡಿದು ಅವಳು ಒಂದು ಕಾಲೆತ್ತಿದಳು. ದಾಟಿದಳು.

ಕಾಲು ಆಚೆ ಊರಿದ ಕ್ಷಣ ಹಳಸಿದ ಹಾಲಿನ ವಾಸನೆ ಭಗ್ಗನೆ ಎದ್ದಿತು. ಗೋಡೆಯ ಬುಡದಲ್ಲೆಲ್ಲೋ ಎಳೆಗೂಸೊಂದು ಬಿಕ್ಕಿದಂತಾಯಿತು. ಬೆಕ್ಕೇ ಇರಬೇಕು ಎಂದುಕೊಂಡು ಬಗ್ಗಿದರೆ ಬೆಕ್ಕಿಲ್ಲ. ಚಪ್ಪಲಿ ತಾಗಿ ಗಾರೆ ಉದುರಿತ್ತು. ಆ ಪೊಟರೆಯಲ್ಲಿ ಕರಿನೂಲು ಸುತ್ತಿದ ಮಣ್ಣಿನ ಗೊಂಬೆ. ತಲೆಯಿತ್ತು, ಕಾಲುಗಳಿದ್ದವು, ತೋಳುಗಳಿರಲಿಲ್ಲ.

"ಭಲೇ! ಸಿದ್ಧತೆ ಜೋರಾಗೇ ಇದೆ," ಎಂದು ಅದನ್ನು ಚೀಲಕ್ಕೆ ಹಾಕಿಕೊಂಡಳು.

ಮಧ್ಯಾಹ್ನದ ಸಭೆಯಲ್ಲಿ ಗೊಂಬೆಯನ್ನು ಮೇಜಿನ ಮೇಲೆ ಕುಕ್ಕಿ, "ಇದು ಯಾರ ಕೆಲಸ?" ಎಂದು ಕೇಳಿದಳು. ಕುರ್ಚಿಗಳು ಕಿರ್ರೆಂದವು. ಉದ್ಯಾನದವನು ಹಿಂದೆ ಸರಿದ. ಪರಂಪರೆಯವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಅವರು ನೋಡುತ್ತಿದ್ದದ್ದು ಗೊಂಬೆಯನ್ನಲ್ಲ, ಅವಳನ್ನು. ನೋಡನೋಡುತ್ತ ಅವಳ ಆಜುಬಾಜು ಖಾಲಿಯಾಯಿತು, ಎಲ್ಲರೂ ಡಾಕ್ಟರ ಕಡೆ ಒತ್ತಿಕೊಂಡು ಕೂತರು. ಡಾಕ್ಟರ ಕೈಗಳು ಜೇಬಿನಿಂದ ಹೊರಬಂದಿದ್ದವು. ಉದ್ಯಾನದವನು ಅವರ ಹೆಗಲ ಮೇಲೆ ಕೈ ಹಾಕಿ ಏನೋ ಪಿಸುಗುಟ್ಟಿದ. ಡಾಕ್ಟರು ಆ ಕೈಯನ್ನೇ ನೋಡುತ್ತ ಕೂತರು. ಅವರ ಕಣ್ಣುಗಳು ತುಂಬಿದ್ದವು.

ಓಹೋ, ಮೂವರೂ ಒಂದಾಗಿದ್ದಾರೆ ಎಂದುಕೊಂಡಳು ಅವಳು. ನನ್ನ ಬೆನ್ನ ಹಿಂದೆ ಏನೋ ಕುದುರಿದೆ.

ದಿನಾ ಅವಳನ್ನು ಕಾರಿನಲ್ಲಿ ಮನೆಗೆ ಬಿಡುತ್ತಿದ್ದ ಪರಂಪರೆಯವಳಿಗೆ ಅಂದು ಬೇರೆಲ್ಲೋ ಕೆಲಸವಿತ್ತು. ಬಸ್ಸಿನಲ್ಲಿ ಜನ ಜೋತಾಡುತ್ತಿದ್ದರೂ ಅವಳ ಪಕ್ಕದ ಸೀಟಿಗೆ ಯಾರೂ ಕೂರಲಿಲ್ಲ.

ಮನೆಯ ಬಾಗಿಲು ತೆರೆದೊಡನೆ ಮಗಳು ಗುಬ್ಬಿ ಎಂದಿನಂತೆ ಕಾಲಿಗೆ ಸುತ್ತಿಕೊಳ್ಳಲು ಓಡಿಬಂದಳು. ಬಂದವಳು ಏನಕ್ಕೋ ಎಡವಿದಂತೆ ಗಕ್ಕನೆ ನಿಂತಳು. ನಡುವೆ ಏನೂ ಇರಲಿಲ್ಲ, ಬರಿಯ ನೆಲ. ಆದರೂ ಮಗುವಿನ ಕಾಲು ಮುಂದೆ ಬರಲಿಲ್ಲ.

"ಅಮ್ಮಾ, ಹಾಲು ಹಳಸಿದೆ," ಎಂದು ಮೂಗು ಮುರಿದಳು.

ಅವಳು ತನ್ನ ತೋಳು ಮೂಸಿ ನೋಡಿದಳು. ಎತ್ತಿಕೊಳ್ಳಲು ಬಗ್ಗಿದರೆ ಮಗು ಕಿಟಾರನೆ ಕಿರುಚಿ ಅಪ್ಪನ ಹಿಂದೆ ಅವಿತುಕೊಂಡಿತು. ಗಂಡ ಅವಳ ತಟ್ಟೆಯನ್ನು ಮೇಜಿನ ಆ ತುದಿಗೆ ಇಟ್ಟ. "ಬೆನ್ನು ನೋವು, ನಾನು ನಡುಮನೇಲೇ ಮಲಗ್ತೀನಿ," ಎಂದ. ಕಣ್ಣು ತಪ್ಪಿಸಿದ.

"ಯಾರಾದ್ರೂ ಫೋನ್ ಮಾಡಿದ್ರಾ ನಿಮಗೆ? ಆಫೀಸಿಂದ?"

"ಇಲ್ವಲ್ಲ. ಯಾಕೆ?"

ಅವಳು ನಂಬಲಿಲ್ಲ. ಅವನು ಸ್ನಾನಕ್ಕೆ ಹೋದಾಗ ಅವನ ಫೋನು ಜಾಲಾಡಿದಳು. ಏನೂ ಸಿಗಲಿಲ್ಲ. ದಿನಗಳು ಹಾಗೇ ಉರುಳಿದವು. ಅಂಗಡಿಯವನು ಚಿಲ್ಲರೆಯನ್ನು ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟ. ಅಕ್ಕ ಬಂದವಳು ಬಾಗಿಲಲ್ಲೇ ಮಾತಾಡಿ ಹೊರಟಳು. ಯಾರೂ ಬೈಯಲಿಲ್ಲ, ಯಾರಿಗೂ ಕೋಪವಿರಲಿಲ್ಲ. ಬರಿದೇ ದೂರ ನಿಂತರು, ಯಾಕೆಂದು ಕೇಳಿದರೆ ಅವರಿಗೇ ತಿಳಿಯದು. ಗುಬ್ಬಿ ಅಮ್ಮನ ದಿಂಬನ್ನು ತಬ್ಬಿ ಮಲಗುತ್ತಿದ್ದಳು, ಅಮ್ಮನನ್ನಲ್ಲ.

ಕೊನೆಗೆ ಅವಳಿಗೆ ತನ್ನ ಮೈಯ ಮೇಲೇ ಅನುಮಾನ ಹುಟ್ಟಿತು. ಪಿನ್ನು ತೆಗೆದು ಬೆರಳಿಗೆ ಚುಚ್ಚಿ ನೋಡಿದಳು. ನೋವಾಯಿತು, ರಕ್ತ ಬಂತು. ಆದರೂ ಮನಸ್ಸು ತಡೆಯದೆ ಡಾಕ್ಟರಲ್ಲಿಗೆ ಓಡಿದಳು.

ಡಾಕ್ಟರು ಕಿಟಕಿಯ ಬಳಿಯೇ ನಿಂತು ಮಾತಾಡಿದರು. "ನಿಮಗೆ ಯಾವ ರೋಗವೂ ಇಲ್ಲ. ಆ ರೋಗ ಹಾಗೆಲ್ಲ ಅಂಟೋದೂ ಇಲ್ಲ, ಬಂದ್ರೆ ಮದ್ದಿಗೆ ಬಗ್ಗುತ್ತೆ. ಇದು ಬೇರೆ."

"ಬೇರೆ ಅಂದ್ರೆ?"

"ಅಲ್ಲಿದ್ದ ಮೇಲ್ವಿಚಾರಕರೊಬ್ಬರಿಗೂ ಹೀಗೇ ಆಗಿತ್ತು. ನೀವು ಒಳಗಿನ ಬೆಂಚಲ್ಲಿ ಕೂತಿರಬೇಕು. ನಿಮ್ಮೋರು ಯಾರಾದ್ರೂ ಗೋಡೆ ದಾಟಿ ಬಂದು ಕೈ ಹಿಡೀಬೇಕು. ಅವರ ಮಗ ಹಿಡಿದ. ಸರಿಹೋಯ್ತು."

"ಮಗನಿಗೆ ಏನೂ ಆಗ್ಲಿಲ್ವಾ?"

ಅಷ್ಟರಲ್ಲಿ ಜವಾನ ಬಂದು ಡಾಕ್ಟರ ಮಡಿಸಿಕೊಂಡ ಕಾಲರನ್ನು ಸಲುಗೆಯಿಂದ ಸರಿಮಾಡಿದ. ಡಾಕ್ಟರು ಬಿಸಿಲಿಗೆ ಮೈಯೊಡ್ಡಿದ ಬೆಕ್ಕಿನಂತೆ ಕಣ್ಣು ಮುಚ್ಚಿದರು.

"ಮಗ ಚೆನ್ನಾಗಿ ಓದಿದ," ಎಂದರು ಕಣ್ಣು ತೆರೆಯದೆ.

ಮರುದಿನವೇ ಅವಳು ಗಂಡನನ್ನು ಕಾಡಿಬೇಡಿ ಒಪ್ಪಿಸಿದಳು. ಗುಬ್ಬಿಯನ್ನು ಕರೆದುಕೊಂಡು ಹೊರಬಾಗಿಲಿಂದ ಬರಬೇಕು, ಅಷ್ಟೇ. ಬೀಗದ ಕೈ ಅವನಿಗೆ ಕೊಟ್ಟು, ತಾನು ಮುಂಚೆಯೇ ಹೋಗಿ ಅಜ್ಜಿಯನ್ನು ಹುಡುಕಿದಳು. "ಒಳಬಾಗಿಲು ಒಡೆಸಬೇಕು ಅಜ್ಜಿ. ತುಕ್ಕು ಹಿಡಿದಿದೆಯಂತೆ."

"ತುಕ್ಕಾ?" ಅಜ್ಜಿ ಬಾಗಿಲಿಗೆ ಭುಜ ಕೊಟ್ಟಳು. ಅದು ಸದ್ದಿಲ್ಲದೆ ತೆರೆದುಕೊಂಡಿತು. "ನಾನು ಗುಡಿಸೋಕೆ ಓಡಾಡೋ ಬಾಗಿಲು ಇದು."

ಡಾಕ್ಟರು ಯಾಕೆ ಸುಳ್ಳು ಹೇಳಿದರು? ಯೋಚಿಸಲು ವ್ಯವಧಾನವಿರಲಿಲ್ಲ. ಆ ಬದಿಯ ಬೀಗ ಕಟಕಟಿಸಿತು. ಬೆಳಕಿನ ಒಂದು ಪಟ್ಟೆ ಒಳಬಿತ್ತು. ಅದರಲ್ಲಿ ಗಂಡ, ಅವನ ಬೆರಳು ಹಿಡಿದ ಗುಬ್ಬಿ.

ಅವಳು ಬೆಂಚಿನ ಮೇಲೆ ಕೂತಳು. ಹುಳಿಹಾಲಿನ ನಾತ ಕೋಣೆಯನ್ನು ತುಂಬಿತು. ಗೋಡೆಯೊಳಗಿನಿಂದ ಬಿಕ್ಕುವ ಸದ್ದು.

"ಮಗೂನ್ನ ಯಾಕೆ ಕರೆಸಿದೆ?" ಬಾಗಿಲಲ್ಲಿದ್ದ ಅಜ್ಜಿ ಮುಂದೆ ಬಂದಳು.

"ನನ್ನೋರು ದಾಟಿ ಬಂದು ಕೈ ಹಿಡಿದ್ರೆ ಬಿಟ್ಟುಹೋಗುತ್ತಂತೆ. ಮೇಲ್ವಿಚಾರಕರ ಮಗ ಹಿಡಿದನಂತಲ್ಲ."

"ಅಪ್ಪನಿಗೆ ಬಿಟ್ಟುಹೋಯ್ತು. ಮಗನಿಗೆ ಹತ್ಕೊಳ್ತು!" ಅಜ್ಜಿ ಒಂದೇ ಉಸಿರಿಗೆ ಹೇಳಿದಳು. "ನನ್ನ ಪಕ್ಕದ ಮಂಚದೋಳ ಕೂಸನ್ನ ಆ ಮೇಲ್ವಿಚಾರಕ ಎದೆಯಿಂದ ಕಿತ್ತುಕೊಂಡ. ಅವಳು ಈ ಬೆಂಚಲ್ಲಿ ಕೂತು ಅತ್ತು ಅತ್ತು ಸತ್ತಳು, ಹಾಲು ಬತ್ತೋದಕ್ಕೂ ಮುಂಚೆ. ಅವಳಣ್ಣ ಮಾಟಗಾರ. ಭೇಟಿಗೆ ಬಂದೋನು ಈ ಗೋಡೆ ಬುಡದಲ್ಲಿ ಗೊಂಬೆ ಇಟ್ಟು ಮಾಟ ಕಟ್ಟಿಹೋದ, ಗೊಂಬೆ ಕಿತ್ರೂ ಹೋಗಲ್ಲ ಅದು. ಕೊನೇಲಿ ದಾಟಿದೋರ ಮೇಲೆ ಕೂರುತ್ತೆ, ಮುಂಚಿನೋರನ್ನ ಬಿಡುತ್ತೆ. ಆ ಮಗ ಯಾರು ಅಂದ್ಕೊಂಡೆ? ಅಪ್ಪನ್ನ ಹುಡುಕ್ಕೊಂಡು ಪುಟ್ಟ ಕಾಲಲ್ಲಿ ದಾಟಿ ಬಂದ. ಈಗ ಡಾಕ್ಟ್ರು. ನಿನಗೆ ಬೀಗದ ಕೈ ಕೊಟ್ಟೋನು."

ಜೇಬಿನೊಳಗಿನ ಕೈಗಳು. ಹೆಗಲ ಮೇಲಿನ ಕೈಗೆ ತುಂಬಿದ ಕಣ್ಣು. ಅವಳಿಗೆ ಎಲ್ಲ ಹೊಳೆಯಿತು.

"ಹೋಗು ಪುಟ್ಟಿ, ಅಮ್ಮನ ಕೈ ಹಿಡಿ," ಎಂದು ಗಂಡ ಹೇಳುತ್ತಿದ್ದ.

ಗುಬ್ಬಿ ಗೋಡೆಯ ಮೇಲೆ ಅಂಗೈ ಊರಿದಳು. ಮಂಡಿ ಹತ್ತಿಸಿದಳು. ಈಗ ಅವಳ ಮುಖದಲ್ಲಿ ಭಯವಿರಲಿಲ್ಲ. ಗೋಡೆಯೇ ಕರೆಯುತ್ತಿತ್ತು.

"ಬೇಡ ಗುಬ್ಬಿ!"

ಮಗು ನಕ್ಕಿತು. ಆಟವೆಂದುಕೊಂಡಿತು. ಒಂದು ಕಾಲು ಈಚೆ ಇಳಿಯಿತು. ಪುಟ್ಟ ಹೆಬ್ಬೆರಳು ನೆಲ ಹುಡುಕಿತು. ಇನ್ನೊಂದು ಗೇಣು. ತಳ್ಳೋಣವೆಂದರೆ ಮುಟ್ಟಬೇಕು. ಮುಟ್ಟಿದರೆ? ಗೊತ್ತಿಲ್ಲ. ಅವಳು ಕೈಗಳನ್ನು ಬೆನ್ನ ಹಿಂದೆ ಬಿಗಿದುಕೊಂಡಳು. ಬಿಕ್ಕು ಜೋರಾಯಿತು. ನಾತ ಗಂಟಲಿಗಿಳಿಯಿತು. ಹೆಬ್ಬೆರಳು ಇಳಿಯುತ್ತಿತ್ತು.

"ಬರಬೇಡ! ನೀನು ನನಗೆ ಬೇಡ! ನಿನ್ನ ಕಂಡ್ರೆ ನನಗಾಗಲ್ಲ! ತೊಲಗು!"

ತನ್ನ ಗಂಟಲಿಂದ ಅಂಥ ದನಿ ಬರುವುದೆಂದು ಅವಳಿಗೇ ಗೊತ್ತಿರಲಿಲ್ಲ. ಮಗುವಿನ ಮುಖದಲ್ಲಿ ನಗು ಹಾಗೇ ಸತ್ತಿತು. ತುಟಿ ಅದುರಿತು. ಕಾಲು ಮೇಲೆ ಸರಿಯಿತು. ಗಂಡ ಲಬಕ್ಕನೆ ಮಗುವನ್ನು ಬಾಚಿ ಎದೆಗವಚಿಕೊಂಡ.

"ಹುಚ್ಚೇನೇ ನಿನಗೆ?" ಎಂದ. ಆಮೇಲೆ ಮಗುವಿನ ಕಿವಿಯಲ್ಲಿ, "ಇನ್ನು ಇವಳ ಹತ್ರ ಬರೋದು ಬೇಡ ಕಂದ."

ಬಾಗಿಲು ಮುಚ್ಚಿಕೊಂಡಿತು. ಗುಬ್ಬಿಯ ಅಳು ದೂರವಾಗುತ್ತ ಹೋಯಿತು.

ಅವಳು ಬೆಂಚಿನಿಂದ ಜಾರಿ ನೆಲಕ್ಕೆ ಬಿದ್ದಳು. ಎಷ್ಟು ಹೊತ್ತು ಹಾಗಿದ್ದಳೋ. ತೋಳಿನ ಮೇಲೆ ಬೆಚ್ಚಗೆ ಏನೋ ತಾಕಿತು. ಬೆಚ್ಚಿ ಕಣ್ಣು ತೆರೆದಳು. ಅಜ್ಜಿಯ ಕೈ. ಬೆರಳುಗಳು ಸವೆದು ಮೊಂಡಾದ, ಒರಟಾದ ಕೈ.

"ನಿಮಗೆ... ನಿಮಗೆ ವಾಸನೆ ಬರ್ತಿಲ್ವಾ?"

"ಗೋಡೆಯ ಈ ಕಡೆಯೋರಿಗೆ ಇದು ತಾಕಲ್ಲ. ನಮ್ಮ ಮೇಲೆ ಯಾರು ಕಟ್ತಾರೆ?"

"ಹಾಗಾದ್ರೆ ಡಾಕ್ಟ್ರ ಕೈನೂ ನೀವು..."

"ಅವನು ಚಾಚಿದ್ರೆ ಹಿಡೀತಿದ್ವಿ ತಾಯಿ. ಇಷ್ಟು ವರ್ಷ ನಮ್ಮ ಮಧ್ಯೆಯೇ ಓಡಾಡಿದ್ನಲ್ಲ. ಒಂದು ದಿನಾನೂ ಜೇಬಿಂದ ಕೈ ಹೊರಗೆ ತೆಗೀಲಿಲ್ಲ. ನಮ್ಮ ಕೈ ಕಂಡ್ರೆ ಅವನಿಗೆ ಅಸಹ್ಯ."

ಅವಳು ಆ ಮೊಂಡುಬೆರಳುಗಳಿಗೆ ಹಣೆಯೊತ್ತಿ ಅತ್ತಳು.

ಆಮೇಲೆ ಅವಳು ಮೂರು ಇಲಾಖೆಗಳಿಂದಲೂ ಒಂದೇ ಒಂದು ಮಾತಿಗೆ ಒಪ್ಪಿಗೆ ಪಡೆದಳು. ಭೇಟಿಮನೆ ಯಾರ ಪಾಲಿಗೂ ಬೇಡ, ಎರಡೂ ಬಾಗಿಲಿಗೆ ಕಲ್ಲು ಕಟ್ಟಿಸಿಬಿಡೋಣ. ಅವಳೊಡನೆ ಒಂದೇ ಕೋಣೆಯಲ್ಲಿ ಕೂರಲಾಗದವರು ಬೇಗ ಒಪ್ಪಿದರು. ಕಲ್ಲು ಏರುವಾಗ ಅವಳು ಎದುರೇ ನಿಂತಿದ್ದಳು. ಒಳಗೆ ಕಳಿಸಿ ಇನ್ನೊಬ್ಬರನ್ನು ದಾಟಿಸಿದ್ದರೆ ಸಾಕಿತ್ತು, ಅವಳಿಗೆ ಬಿಟ್ಟುಹೋಗುತ್ತಿತ್ತು. ಅಂಥವರೊಬ್ಬರು ಆ ದಿನವೇ ಬಂದಿದ್ದರು, ಉದ್ಯಾನ ಇಲಾಖೆಯ ಹೊಸ ಹುಡುಗಿ, ಗೋಡೆಯ ಫೋಟೋ ಬೇಕೆಂದು. ಗೋಡೆ ದಾಟಮ್ಮ ಎನ್ನುವ ಮಾತು ಹೊಲಿಗೆ ಮೇಡಂ ನಾಲಗೆಯ ತುದಿಗೆ ಬಂದಿತ್ತು. ಕಲ್ಲು ಕಟ್ಟುವವನತ್ತ ತಿರುಗಿ, "ಬೇಗ ಮುಗಿಸಪ್ಪಾ," ಎಂದಳು.

ಡಾಕ್ಟರ ಬೀಳ್ಕೊಡುಗೆಯಲ್ಲಿ ಎಲ್ಲರೂ ಅವರನ್ನು ಅಪ್ಪಿಕೊಂಡರಂತೆ. ಅವಳು ವಸತಿಯಲ್ಲೇ ಅಜ್ಜಿಯ ಪಕ್ಕದ ಕೋಣೆಗೆ ಬಂದಳು. ಗಂಡ ಆಗಾಗ ಫೋನಿನಲ್ಲಿ ಮಗಳ ಸುದ್ದಿ ಹೇಳುತ್ತಾನೆ. ಗುಬ್ಬಿ ಫೋನು ತೆಗೆದುಕೊಳ್ಳುವುದಿಲ್ಲ.

ವಸತಿಯ ಮುದುಕರು ಒಬ್ಬೊಬ್ಬರಾಗಿ ಕಡಿಮೆಯಾಗುತ್ತಿದ್ದಾರೆ. ಅವರ ನಂತರದ ನಿರ್ವಹಣೆ ಹೇಗೆಂದು ಇಲಾಖೆಗಳಿಂದ ಪತ್ರ ಬಂದರೆ ಅವಳು ಪೂರ್ತಿ ಓದದೆ ಮಡಚಿಡುತ್ತಾಳೆ. ಈಗ ಅಜ್ಜಿಗೆ ಜ್ವರ. ಅವಳು ಮಂಚದ ಪಕ್ಕ ಕೂತು ಕೈ ಹಿಡಿದುಕೊಂಡೇ ಇದ್ದಾಳೆ.

"ಅಷ್ಟು ಬಿಗಿಯಾಗಿ ಹಿಡೀಬೇಡ ಕಣೇ," ಎಂದಳು ಅಜ್ಜಿ, ಕಣ್ಣು ಮುಚ್ಚಿಕೊಂಡೇ. "ನೋಯುತ್ತೆ."

ಅವಳು ಹಿಡಿತ ಸಡಿಲಿಸಿದಳು. ಬಿಡಲಿಲ್ಲ.